ಕಾರ್ಥೇಜಿನ ಸೆರೆಮನೆಯ ಒಂದು ಬರಹ

ಸಂತರ ಚರಿತ್ರೆಗಳನ್ನು ಒಂದರ ಹಿಂದೊಂದರಂತೆ ಓದಿದವರಿಗೆ ಅವೆಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವುಗಳೆಂಬ ಸಂದೇಹವು ಬಾರದಿರದು. ಕ್ರೂರಿಯಾದ ಅಧಿಕಾರಿ, ಎದೆಗುಂದದ ಭಕ್ತ, ಚಿತ್ರಹಿಂಸೆ, ಪವಾಡ, ಕೊನೆಗೊಂದು ಆಕಾಶವಾಣಿ: ಇವು ಹೆಸರು ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುವುವು. ಭಕ್ತನಾದ ವಾಚಕನಿಗೆ ಇದೊಂದು ಕೊರತೆಯಾಗಿ ತೋರಲಾರದು; ಅವನು ಅಲ್ಲಿ ಹುಡುಕುವುದು ಮಾದರಿಯನ್ನು, ಮನುಷ್ಯನನ್ನಲ್ಲ. ಆದರೆ ಆ ಮಾದರಿಯ ಹಿಂದೆ ಒಂದು ಕಾಲಕ್ಕೆ ರಕ್ತಮಾಂಸಗಳುಳ್ಳ ಮನುಷ್ಯನಿದ್ದನಲ್ಲವೆ, ಅವನು ನಿಜವಾಗಿ ಕಂಡುದೇನು, ಅನುಭವಿಸಿದುದೇನು ಎಂದು ಕೇಳುವವರಿಗೆ ಇಂತಹ ಗ್ರಂಥಗಳಲ್ಲಿ ಹೆಚ್ಚಿನವು ಉತ್ತರ ಕೊಡುವುದಿಲ್ಲ. ಕೊಡುವ ಒಂದು ಸಣ್ಣ ಪುಸ್ತಕವುಂಟು. ಅದು ‘ಪರ್ಪೆತುವಾ ಮತ್ತು ಫೆಲಿಸಿತಾ ಇವರ ಯಾತನೆ’ ಎಂಬ ಹೆಸರಿನ ಲ್ಯಾಟಿನ್ ಗ್ರಂಥ. ಕ್ರೈಸ್ತ ಸಭೆಯ ಮೊದಲ ಶತಮಾನಗಳ ಸಂಕಟಕಾಲದಿಂದ ಉಳಿದುಬಂದ ಬರಹಗಳಲ್ಲಿ ಒಬ್ಬ ಹೆಂಗಸು ತನ್ನ ಸೆರೆವಾಸವನ್ನು ತಾನೇ ಬರೆದಿಟ್ಟದ್ದು ಇದೊಂದರಲ್ಲಿಯೇ.

ಕ್ರಿಸ್ತಶಕ 203ನೆಯ ವರ್ಷದ ಮಾರ್ಚಿ 7ನೆಯ ದಿನ, ಉತ್ತರ ಆಫ್ರಿಕದ ಕಾರ್ಥೇಜ್ ನಗರದಲ್ಲಿ, ಸೆಪ್ಟಿಮಿಯಸ್ ಸೆವೇರಸ್ ಚಕ್ರವರ್ತಿಯ ಮಗ ಗೆಟಾನ ಹುಟ್ಟುಹಬ್ಬದ ವಿನೋದಕ್ಕಾಗಿ ಕೆಲವು ಮಂದಿ ಕ್ರೈಸ್ತರನ್ನು ಮೃಗಗಳಿಗೆ ಒಡ್ಡಿದರು. ವಿಬಿಯಾ ಪರ್ಪೆತುವಾ ಅವರಲ್ಲೊಬ್ಬಳು. ಸುಮಾರು 22 ವರ್ಷದವಳು, ಒಳ್ಳೆಯ ಮನೆತನದವಳು, ವಿದ್ಯಾವತಿ, ಮದುವೆಯಾದವಳು, ಮೊಲೆಯುಣ್ಣುವ ಗಂಡುಮಗುವಿನ ತಾಯಿ. ಫೆಲಿಸಿತಾ ಮತ್ತು ರೆವೊಕಾತಸ್ ಗುಲಾಮರು. ಸಾತುರ್ನಿನಸ್, ಸೆಕುಂದುಲಸ್ ಇನ್ನಿಬ್ಬರು. ಹಿಡಿದು ತಂದಾಗ ಇವರಾರಿಗೂ ದೀಕ್ಷಾಸ್ನಾನವೇ ಆಗಿರಲಿಲ್ಲ. ಇವರಿಗೆ ಉಪದೇಶಿಸುತ್ತಿದ್ದ ಸಾತುರಸ್ ಎಂಬವನು ಆ ವೇಳೆಯಲ್ಲಿ ಬೇರೆಡೆಯಲ್ಲಿದ್ದು, ಅನಂತರ ತಾನಾಗಿಯೇ ಬಂದು ಸೆರೆಗೆ ಒಪ್ಪಿಸಿಕೊಂಡನು.

ಪುಸ್ತಕದಲ್ಲಿ ಮೂವರ ಕೈಗಳಿವೆ. ನಡುವಿನ ಮುಖ್ಯ ಭಾಗ ಪರ್ಪೆತುವಾಳದು. ಅದರ ಹಿಂದೆಯೇ ಸಾತುರಸನು ಬರೆದ ಒಂದು ಕನಸು. ಮೊದಲಿನ ಪೀಠಿಕೆಯನ್ನೂ ಕೊನೆಯ ಮರಣವೃತ್ತಾಂತವನ್ನೂ ಹೆಸರು ಹೇಳಿಕೊಳ್ಳದ ಒಬ್ಬ ಸಂಪಾದಕನು ಸೇರಿಸಿದ್ದಾನೆ. ಈ ಸಂಪಾದಕನು ತೆರ್ತುಲಿಯನನೇ ಎಂದು ಹಿಂದೆ ಅನೇಕರು ಊಹಿಸಿದ್ದರು. ಈಗ ಆ ಊಹೆಗೆ ಬೆಂಬಲ ಕಡಿಮೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಲ್ಯಾಟಿನ್ ಮೂಲವು ಹೋಲ್‌ಸ್ಟೀನಿಯಸ್ ಎಂಬ ಪಂಡಿತನಿಗೆ ದೊರೆತು, ಅವನು ತೀರಿದ ಮೇಲೆ 1663ರಲ್ಲಿ ಅಚ್ಚಾಯಿತು. ಗ್ರೀಕ್ ಪಾಠವೊಂದು 1889ರಲ್ಲಿ ಜೆರೂಸಲೇಮಿನಲ್ಲಿ ರೆಂಡೆಲ್ ಹ್ಯಾರಿಸ್ ಎಂಬವರ ಕಣ್ಣಿಗೆ ಬಿತ್ತು. ಸೆರೆಯ ಬರಹವು ನಿಜವಾಗಿ ಪರ್ಪೆತುವಾಳದೇ, ಸಂಪಾದಕನ ಕಲ್ಪನೆಯಲ್ಲವೆ ಎಂದು ಶಂಕಿಸಿದವರಿದ್ದಾರೆ. ಅವರಿಗೆ ಉತ್ತರವಾಗಿ 1929ರಲ್ಲಿ ಶ್ಯೂರಿಂಗ್ ಎಂಬ ವಿದ್ವಾಂಸರು ಗದ್ಯದ ಲಯವನ್ನೇ ಅಳೆದು ನೋಡಿ, ಮೂರು ಭಾಗಗಳಿಗೂ ಮೂರು ಬೇರೆ ನಡೆಗಳಿವೆಯೆಂದು ತೋರಿಸಿದರು. ಆದರೆ ಇಷ್ಟು ಸೂಕ್ಷ್ಮವಾದ ಅಳತೆಯೂ ಬೇಕಿಲ್ಲ. ಸಂಪಾದಕನ ವಾಕ್ಯಗಳು ಸಭೆಯಲ್ಲಿ ನಿಂತು ಮಾತನಾಡುವವನ ವಾಕ್ಯಗಳು; ಪರ್ಪೆತುವಾಳವು ಚಿಕ್ಕವು, ‘ಮತ್ತು’, ‘ಮತ್ತು’ ಎಂದು ಒಂದಕ್ಕೊಂದು ಕೈಹಿಡಿದು ನಡೆಯುವಂಥವು, ಅಲಂಕಾರಕ್ಕೆ ಪುರಸೊತ್ತಿಲ್ಲದವು.

ಆಕೆಯ ಬರಹವು ದೇವರ ಸ್ತುತಿಯಿಂದ ಮೊದಲಾಗುವುದಿಲ್ಲ. ತಂದೆಯೊಡನೆ ನಡೆದ ಒಂದು ವಾದದಿಂದ ಮೊದಲಾಗುತ್ತದೆ. ತಂದೆ ಕ್ರೈಸ್ತನಲ್ಲ; ಮಗಳ ಮೇಲಿನ ಪ್ರೀತಿಯಿಂದಲೇ ಆಕೆಯ ನಿಶ್ಚಯವನ್ನು ಮುರಿಯಲು ಬಂದಿದ್ದಾನೆ. ಅಲ್ಲಿ ಬಿದ್ದಿದ್ದ ಒಂದು ಪಾತ್ರೆಯನ್ನು ತೋರಿಸಿ ಆಕೆ, ಇದನ್ನು ಇದರ ಹೆಸರಲ್ಲದೆ ಬೇರೊಂದರಿಂದ ಕರೆಯಲಾದೀತೆ ಎಂದು ಕೇಳುವಳು. ಆಗದೆಂದು ಅವನು ಒಪ್ಪುವನು. ಹಾಗೆಯೇ ತಾನೂ ಕ್ರೈಸ್ತಳೆಂಬುದನ್ನಲ್ಲದೆ ಬೇರೇನೆಂದೂ ಹೇಳಿಕೊಳ್ಳಲಾರೆನೆಂದು ಆಕೆಯ ಮಾತು. ತರ್ಕಶಾಸ್ತ್ರದ ಒರೆಗೆ ಹಚ್ಚಿದರೆ ಈ ವಾದ ನಿಲ್ಲಲಾರದು. ಪಾತ್ರೆ ತನ್ನ ಹೆಸರನ್ನು ತಾನೇ ಆರಿಸಿಕೊಂಡುದಲ್ಲ. ಆದರೆ ಆಕೆಯ ಉದ್ದೇಶ ಗೆಲ್ಲುವುದಲ್ಲ, ಇದ್ದುದನ್ನು ಹೇಳುವುದು. ತಂದೆಗೆ ಅದು ಹೊಳೆಯುತ್ತದೆ. ಆದುದರಿಂದಲೇ ಅವನು ಎದುರುವಾದ ಹೂಡದೆ ಆಕೆಯ ಕಣ್ಣುಗಳನ್ನೇ ಕೀಳುವನೋ ಎಂಬಂತೆ ಮೇಲೆ ಬೀಳುತ್ತಾನೆ. ಅವನು ಕೆಲವು ದಿನ ಬಾರದಿದ್ದುದು ತನಗೆ ನೆಮ್ಮದಿಯಾಗಿತ್ತೆಂದು ಮಗಳು ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಸಂತಳ ಲೇಖನಿಯಿಂದ ಬರಬಹುದಾದ ವಾಕ್ಯವಲ್ಲ ಅದು. ಮಗಳೊಬ್ಬಳು ಮಾತ್ರ ಬರೆಯಬಹುದಾದುದು.

ಸೆರೆಮನೆಯ ವರ್ಣನೆಯಲ್ಲಿಯೂ ಹೀಗೆಯೇ. ಅಂತಹ ಕತ್ತಲೆಯನ್ನು ಆಕೆ ಎಂದೂ ಕಂಡವಳಲ್ಲ, ಆದುದರಿಂದ ಅಂಜಿದಳು. ಜನಸಂದಣಿಯಿಂದ ಉಸಿರುಗಟ್ಟುವ ಸೆಕೆ, ಹಣ ಕೀಳುವ ಸಿಪಾಯಿಗಳು. ಎಲ್ಲಕ್ಕಿಂತ ಹೆಚ್ಚಾಗಿ, ದೂರದಲ್ಲುಳಿದ ಮಗುವಿನ ಚಿಂತೆ. ತೆರ್ತಿಯಸ್, ಪೊಂಪೋನಿಯಸ್ ಎಂಬ ಇಬ್ಬರು ಡೀಕನರು ಕಾವಲುಗಾರರ ಕೈ ಬಿಸಿಮಾಡಿ ಸೆರೆಯಾಳುಗಳನ್ನು ಕೆಲವು ಗಳಿಗೆ ಹೆಚ್ಚು ಗಾಳಿಯಿರುವ ಕಡೆಗೆ ಬಿಡಿಸುವರು. (ಸಭೆಯ ಸೇವಕರು ಲಂಚ ಕೊಟ್ಟರೆಂದು ಬರೆಯಲು ಆಕೆಗೆ ಎಳ್ಳಷ್ಟೂ ಸಂಕೋಚವಿಲ್ಲ, ಸಂಕಟಕಾಲದ ಸಭೆಯು ನಡೆಯುತ್ತಿದ್ದುದೇ ಹಾಗೆ.) ಆಗ ಹಸಿವಿನಿಂದ ಸೊರಗಿದ್ದ ಮಗುವಿಗೆ ಆಕೆ ಮೊಲೆಯೂಡುವಳು. ಕೊನೆಗೆ ಮಗುವನ್ನು ತನ್ನೊಡನೆ ಇಟ್ಟುಕೊಳ್ಳಲು ಅಪ್ಪಣೆ ದೊರೆತಾಗ, ಆ ಸೆರೆಮನೆಯೇ ತನಗೆ ಅರಮನೆಯಾಯಿತೆನ್ನುವಳು. ಗ್ರಂಥದಲ್ಲಿ ಇದು ಮೊದಲನೆಯ ರೂಪಕ. ಸೆರೆಯು ಅರಮನೆಯಾದದ್ದು ದೇವರ ಸಾನ್ನಿಧ್ಯದಿಂದಲ್ಲ, ಮಗುವಿನ ಸಾನ್ನಿಧ್ಯದಿಂದ ಎಂಬುದನ್ನು ಭಕ್ತಿಪರ ವ್ಯಾಖ್ಯಾನಕಾರರು ಅವಸರದಿಂದ ದಾಟಿಹೋಗುವರು. ದಾಟಬಾರದು. ಏಕೆಂದರೆ ಇಲ್ಲಿಂದ ಮುಂದೆ ಆಕೆ ಕಾಣುವ ದರ್ಶನಗಳೆಲ್ಲ ಈ ಮೊಲೆಯೂಡುವ ತಾಯಿಯ ದರ್ಶನಗಳೇ.

ಮೊದಲನೆಯದನ್ನು ನೋಡಬೇಕು. ಮುಗಿಲು ಮುಟ್ಟುವ ಕಂಚಿನ ಏಣಿ; ಒಬ್ಬೊಬ್ಬರೇ ಏರಬೇಕಾದಷ್ಟು ಇಕ್ಕಟ್ಟು; ಇಕ್ಕೆಲಗಳಲ್ಲಿ ಕತ್ತಿ, ಈಟಿ, ಕೊಕ್ಕೆಗಳು; ಬುಡದಲ್ಲಿ ಹೊಂಚಿ ಮಲಗಿದ ಘಟಸರ್ಪ. ಸಾತುರಸನು ಮೊದಲು ಏರುವನು. ಪರ್ಪೆತುವಾ ಸರ್ಪದ ತಲೆಯನ್ನೇ ಮೊದಲ ಮೆಟ್ಟಿಲಾಗಿ ತುಳಿದು ಮೇಲೇರುವಳು. ಇಷ್ಟರಲ್ಲಿ ಬೈಬಲಿನ ಪರಿಚಯವಿದ್ದವರಿಗೆ ಹೊಸತೇನೂ ಇಲ್ಲ. ಯಾಕೋಬನ ಏಣಿ, ಆದಿಕಾಂಡದ ಸರ್ಪ ಎರಡೂ ಗುರುತು ಸಿಗುವಂಥವೇ. ಆದರೆ ಮೇಲೆ ಹೋದಾಗ ಕಾಣುವುದು ಸಿಂಹಾಸನವಲ್ಲ. ವಿಶಾಲವಾದ ತೋಟದಲ್ಲಿ ನರೆಗೂದಲಿನ ಎತ್ತರದ ಕುರುಬನೊಬ್ಬನು ಕುಳಿತು ಕುರಿಗಳ ಹಾಲು ಕರೆಯುತ್ತಿದ್ದಾನೆ. ಅವನು ಆಕೆಯನ್ನು ಕಂಡು ಕರೆದು, ಹಾಲಿನ ಗಿಣ್ಣಿನ ಒಂದು ತುತ್ತು ಕೊಡುವನು. ಆಕೆ ಕೈಜೋಡಿಸಿ ಕೊಂಡು ತಿನ್ನುವಳು. ಎಚ್ಚರವಾದಾಗಲೂ ಬಾಯಲ್ಲಿ ಏನೋ ಸಿಹಿ. ಹಾಲೂಡುವವಳಿಗೆ ಸ್ವರ್ಗದಲ್ಲಿ ದೊರೆತುದು ಹಾಲು. ಇನ್ನೊಬ್ಬರಿಗೆ ಉಣಿಸುತ್ತಿರುವವಳಿಗೆ ಉಣಿಸುವವರೊಬ್ಬರು ಸಿಕ್ಕರು. ಆದರೂ ಈ ಕನಸಿನಿಂದ ಆಕೆ ತಿಳಿದುಕೊಂಡುದು ಬಿಡುಗಡೆಯಾಗುವುದೆಂದಲ್ಲ, ಸಾಯಬೇಕೆಂದು.

ಆಮೇಲೆ ವಿಚಾರಣೆ. ಅದರ ಮುಂಚೆ ತಂದೆ ಮತ್ತೆ ಬರುವನು, ಸಿಟ್ಟು ಇಳಿದಿದೆ. ತನ್ನ ನರೆಗೂದಲನ್ನು ತೋರಿಸುವನು, ಗಂಡುಮಕ್ಕಳಿಗಿಂತ ಹೆಚ್ಚಾಗಿ ಆಕೆಯನ್ನು ಸಾಕಿದುದನ್ನು ನೆನಪಿಸುವನು, ಕೈಗಳಿಗೆ ಮುತ್ತಿಡುವನು, ಕಾಲಿಗೆ ಬೀಳುವನು. ಅಳುತ್ತ ಆಕೆಯನ್ನು ಮಗಳೇ ಎನ್ನುವುದನ್ನು ಬಿಟ್ಟು ಒಡತಿ ಎಂದು ಕರೆಯುವನು. ನ್ಯಾಯಪೀಠದೆದುರಿಗೂ ಮಗುವನ್ನೆತ್ತಿಕೊಂಡು ಬರುವನು. ಅಧಿಕಾರಿಯಾದ ಹಿಲೇರಿಯಾನಸನು ಸಹ, ತಂದೆಯ ಮುಪ್ಪನ್ನೂ ಮಗುವಿನ ಎಳವೆಯನ್ನೂ ನೋಡಿ ಚಕ್ರವರ್ತಿಗಳ ಕ್ಷೇಮಕ್ಕಾಗಿ ಒಂದು ಆಹುತಿ ಹಾಕಿಬಿಡು ಎನ್ನುವನು. ಕೇಳಿದ್ದು ಒಂದು ಚಿಟಿಕೆಯಷ್ಟು. ಆಕೆ ಒಪ್ಪುವುದಿಲ್ಲ. ಮಗಳನ್ನು ಎಳೆಯಲು ಯತ್ನಿಸುತ್ತಲೇ ಇದ್ದ ಮುದುಕನನ್ನು ಕೆಳಗೆ ತಳ್ಳಿಸಿ ಬೆತ್ತದಿಂದ ಹೊಡೆಸುತ್ತಾರೆ. ಆ ಪೆಟ್ಟು ತನಗೇ ಬಿದ್ದಂತಾಯಿತೆಂದು ಮಗಳು ಬರೆದಿದ್ದಾಳೆ.

ಈ ತಂದೆಯೇ ಗ್ರಂಥದ ಅತ್ಯಂತ ಕರುಣಾಜನಕವಾದ ಪಾತ್ರ, ಮತ್ತು ಅವನನ್ನು ಹಾಗೆ ಚಿತ್ರಿಸಿದುದೇ ಬರೆದವಳ ಪ್ರಾಮಾಣಿಕತೆಗೆ ದೊಡ್ಡ ಸಾಕ್ಷಿ. ಧರ್ಮಗ್ರಂಥಗಳಲ್ಲಿ ಎದುರಾಳಿಗೆ ಸಾಮಾನ್ಯವಾಗಿ ಸೋಲುವುದಕ್ಕೆ ಬೇಕಾದಷ್ಟೇ ಮಾತುಗಳನ್ನು ಕೊಡುವುದುಂಟು. ಇಲ್ಲಿ ಅತ್ಯುತ್ತಮವಾದ ಮಾತುಗಳೆಲ್ಲ ತಂದೆಯವು. ತಾಯಿಯನ್ನು ನೋಡು, ತಮ್ಮಂದಿರನ್ನು ನೋಡು, ನೀನಿಲ್ಲದೆ ಬದುಕಲಾರದ ಮಗುವನ್ನು ನೋಡು ಎಂಬ ಅವನ ಬೇಡಿಕೆಗೆ ಮಗಳು ಎಲ್ಲಿಯೂ ಖಂಡನೆ ಬರೆದಿಲ್ಲ. ದೇವರ ಇಚ್ಛೆಯಂತಾಗುವುದು, ನಾವು ನಮ್ಮ ಕೈಯಲ್ಲಿಲ್ಲ ಎಂದಷ್ಟೇ ಹೇಳುವಳು. ಅದು ಸಮಾಧಾನವೇ ಹೊರತು ಉತ್ತರವಲ್ಲ. ಅವಳ ನಿಶ್ಚಯವು ಸರಿಯೋ ಕ್ರೂರವೋ ಎಂದು ಮನೆಮಕ್ಕಳುಳ್ಳ ವಾಚಕನು ಕೇಳದಿರಲಾರ. ಗ್ರಂಥವು ಆ ಪ್ರಶ್ನೆಯನ್ನು ತಡೆಯುವುದಿಲ್ಲ. ತಡೆಯದಿದ್ದುದೇ ಅದರ ಬೆಲೆ. ನೋವಿಲ್ಲದವಳ ಧೈರ್ಯವು ಕಲ್ಲಿನ ಧೈರ್ಯವಾದೀತು. ಇಲ್ಲಿ ನೋವೂ ಇದೆ, ಬಿಡದ ಮಾತೂ ಇದೆ, ಒಂದು ಇನ್ನೊಂದನ್ನು ಅಳಿಸಿಲ್ಲ.

ತೀರ್ಪಾದ ಮೇಲೆ ತಂದೆ ಮಗುವನ್ನು ಹಿಂದಕ್ಕೆ ಕೊಡಲಿಲ್ಲ. ಮಗು ಮೊಲೆ ಬೇಡುವುದನ್ನು ಬಿಟ್ಟಿತು, ಎದೆಯಲ್ಲಿ ಬಾವೂ ಬರಲಿಲ್ಲ, ಹೀಗೆ ತಾನು ಮಗುವಿನ ಚಿಂತೆಯಿಂದಲೂ ಮೊಲೆಯ ನೋವಿನಿಂದಲೂ ಪಾರಾದೆನೆಂದು ಆಕೆ ಬರೆಯುವಳು. ಇದನ್ನು ದೇವರ ಕೃಪೆಯೆಂದು ಭಾವಿಸಿದ್ದಾಳೆ. ಆದರೆ ಹೇಳಿರುವುದು ಮೈಯ ಮಾತಿನಲ್ಲಿ.

ಹಾಲು ನಿಂತ ಕೆಲವು ದಿನಗಳಲ್ಲಿಯೇ ದಿನೊಕ್ರಾತಿಸನ ಕನಸು. ಏಳು ವರ್ಷದವನಾಗಿದ್ದಾಗ ಮುಖದ ಮೇಲಿನ ಹುಣ್ಣಿನಿಂದ, ನೋಡುವವರಿಗೆ ಅಸಹ್ಯವಾಗುವಂತೆ ಸತ್ತ ಅವಳ ತಮ್ಮ ಅವನು. ಪ್ರಾರ್ಥನೆಯ ನಡುವೆ ಅವನ ಹೆಸರು ತಾನಾಗಿ ಬಾಯಿಂದ ಹೊರಟಿತು. ಅಷ್ಟು ದಿನ ನೆನೆಯಲಿಲ್ಲವಲ್ಲಾ ಎಂದು ಬೆರಗಾದಳು. ಆ ರಾತ್ರಿ ಅವನು ಕತ್ತಲೆಯ ಸ್ಥಳದಿಂದ ಹೊರಬರುವುದನ್ನು ಕಂಡಳು: ಕೊಳಕು ಬಟ್ಟೆ, ಬಿಳಿಚಿದ ಮೈ, ಸಾಯುವಾಗ ಇದ್ದ ಗಾಯ. ಬಾಯಾರಿದ್ದಾನೆ. ನೀರು ತುಂಬಿದ ತೊಟ್ಟಿ ಅಲ್ಲಿಯೇ ಇದೆ. ಅದರ ಅಂಚು ಹುಡುಗನಿಗಿಂತ ಎತ್ತರ. ಮುಂಗಾಲಿನಲ್ಲಿ ನಿಂತು ಚಾಚುತ್ತಾನೆ, ಎಟುಕುವುದಿಲ್ಲ. ಅಕ್ಕನಿಗೂ ಅವನಿಗೂ ನಡುವೆ ದಾಟಲಾಗದ ಅಂತರ. ಆಕೆ ಹಗಲಿರುಳು ಅತ್ತು ಪ್ರಾರ್ಥಿಸುವಳು. ಕಾಲಿಗೆ ಕೋಳ ಹಾಕಿದ್ದ ದಿನ ಮತ್ತೆ ಕಂಡಾಗ ಹುಡುಗನ ಮೈ ಶುಚಿಯಾಗಿದೆ, ಗಾಯದ ಜಾಗದಲ್ಲಿ ಕಲೆಯಿದೆ, ತೊಟ್ಟಿಯ ಅಂಚು ಅವನ ಹೊಕ್ಕುಳಿನವರೆಗೆ ಇಳಿದಿದೆ. ಬರಿದಾಗದ ಚಿನ್ನದ ಬಟ್ಟಲಿನಿಂದ ಕುಡಿದು ತಣಿದು, ಮಕ್ಕಳಂತೆ ಆಟಕ್ಕೆ ಓಡುತ್ತಾನೆ. ತನ್ನ ಮಗುವಿಗೆ ಉಣಿಸಲಾರದವಳು ಸತ್ತ ತಮ್ಮನಿಗೆ ನೀರು ಕುಡಿಸಿದಳು. ಯಾವ ಪಂಡಿತನೂ ಇದನ್ನು ಕಟ್ಟಿ ಬರೆಯಲಾರ. ತೊಟ್ಟಿಯ ಅಂಚು ತಗ್ಗಿತೆಂಬ ಒಂದು ವಿವರದಲ್ಲಿ ದಯೆಯೆಂಬುದು ಎಷ್ಟು ಸರಳವಾಗಿ ಕಾಣಿಸಿಕೊಂಡಿದೆ!

ಎರಡು ಶತಮಾನಗಳ ಅನಂತರ ಸಂತ ಅಗಸ್ಟೀನನಿಗೆ ಈ ಹುಡುಗನಿಂದ ಪೇಚಾಟ ಬಂದಿತು. ದೀಕ್ಷಾಸ್ನಾನವಿಲ್ಲದೆ ಸತ್ತವರಿಗೂ ಮುಕ್ತಿಯುಂಟೆಂಬುದಕ್ಕೆ ಒಬ್ಬನು ದಿನೊಕ್ರಾತಿಸನನ್ನು ಸಾಕ್ಷಿಯಾಗಿ ತಂದಾಗ, ಈ ಪುಸ್ತಕವು ಪವಿತ್ರ ಗ್ರಂಥಗಳ ಸಾಲಿಗೆ ಸೇರಿದುದಲ್ಲವೆಂದೂ ಹುಡುಗನಿಗೆ ದೀಕ್ಷೆಯಾಗಿದ್ದಿರಬೇಕೆಂದೂ ಅವನು ಉತ್ತರಿಸಿದನು. ಸಿದ್ಧಾಂತಕ್ಕೆ ಅದು ಬೇಕಾಗಿದ್ದಿತು. ಅಕ್ಕನ ಬರಹದಲ್ಲಿ ಆ ಪ್ರಶ್ನೆಯೇ ಇಲ್ಲ. ಅಲ್ಲಿರುವುದು ಬಾಯಾರಿದ ಹುಡುಗನೊಬ್ಬನೇ.

ಕೊನೆಯ ದರ್ಶನದಲ್ಲಿ ಆಕೆ ರಂಗಸ್ಥಳಕ್ಕೆ ಬರುವಳು. ಮೃಗಗಳಿಗೆ ಬದಲಾಗಿ ವಿಕಾರನಾದ ಈಜಿಪ್ಟಿನವನೊಬ್ಬನು ಮಲ್ಲಯುದ್ಧಕ್ಕೆ ನಿಂತಿದ್ದಾನೆ. ಆಕೆಯ ಬಟ್ಟೆ ಕಳಚಲು ತಾನು ಗಂಡಾಗಿರುವುದನ್ನು ಕಾಣುವಳು. ಹೊಡೆದಾಡಿ, ಅವನ ತಲೆಯನ್ನು ತುಳಿದು ಗೆಲ್ಲುವಳು. ಗಂಡಾದುದರ ಬಗ್ಗೆ ಈಚಿನ ವಿದ್ವಾಂಸರು ಬರೆದಿರುವುದಕ್ಕೆ ಲೆಕ್ಕವಿಲ್ಲ. ಅವರ ಗಮನಕ್ಕೆ ಬಂದಿದ್ದರೂ ಸಾಕಷ್ಟು ಬೆಲೆ ಪಡೆಯದ ಮಾತು ಮುಂದಿನದು: ಗೆದ್ದವಳಿಗೆ ಚಿನ್ನದ ಹಣ್ಣುಗಳ ಕೊಂಬೆಯನ್ನು ಕೊಡುವ ಎತ್ತರದ ಪುರುಷನು ಮುತ್ತಿಟ್ಟು ಆಕೆಯನ್ನು ಕರೆಯುವುದು ಮಗಳೇ ಎಂದು. ಹೆತ್ತ ತಂದೆಯು ಯಾವ ಹೆಸರನ್ನು ಅಳುತ್ತ ಬಿಟ್ಟುಬಿಟ್ಟಿದ್ದನೋ ಅದೇ ಹೆಸರು. ಇದನ್ನು ಬರೆದು, ನಾಳೆ ನಡೆಯುವ ಆಟದ ವಿಷಯವನ್ನು ಬೇಕಾದವರು ಬರೆಯಲಿ ಎಂದು ಆಕೆ ನಿಲ್ಲಿಸಿಬಿಡುವಳು.

ಸಾತುರಸನ ಕನಸು ಇದರ ಪಕ್ಕದಲ್ಲಿ ಪೇಲವವಾಗಿ ಕಾಣುವುದು. ನಾಲ್ವರು ದೇವದೂತರು, ಗುಲಾಬಿಯ ಮರಗಳು, ಬೆಳಕಿನ ಗೋಡೆಗಳು: ಸ್ವರ್ಗವೆಂದರೆ ಹೀಗಿರಬೇಕೆಂದು ಕೇಳಿ ತಿಳಿದವನ ಸ್ವರ್ಗ. ಆದರೆ ಒಂದೆಡೆ ಅವನ ಕಣ್ಣು ಚುರುಕಾಗುತ್ತದೆ. ಸ್ವರ್ಗದ ಬಾಗಿಲ ಹೊರಗೆ ಅವರ ಬಿಷಪನಾದ ಒಪ್ತಾತಸನೂ ಪಾದ್ರಿಯೂ ಉಪದೇಶಕನೂ ಆದ ಅಸ್ಪಾಸಿಯಸನೂ ಬೇರೆ ಬೇರೆಯಾಗಿ, ಮುಖ ಬಾಡಿಸಿಕೊಂಡು ನಿಂತಿದ್ದಾರೆ. ಇಬ್ಬರೂ ಸೆರೆಯಾಳುಗಳ ಕಾಲಿಗೆ ಬಿದ್ದು ತಮ್ಮನ್ನು ರಾಜಿಮಾಡಿಸಿರೆಂದು ಬೇಡುವರು. ಪರ್ಪೆತುವಾ ಅವರೊಡನೆ ಗ್ರೀಕಿನಲ್ಲಿ ಮಾತಿಗೆ ತೊಡಗುವಳು. ದೂತರು ಬಂದು, ಇವರನ್ನು ವಿಶ್ರಮಿಸಿಕೊಳ್ಳಗೊಡಿರಿ, ನಿಮ್ಮ ಜಗಳ ನೀವೇ ತೀರಿಸಿಕೊಳ್ಳಿರಿ ಎಂದು ಗದರಿಸಿ, ಬಿಷಪನಿಗೆ ಅವನ ಸಭೆಯವರು ಕುದುರೆಯ ಜೂಜಿನಿಂದ ಪಕ್ಷ ಕಟ್ಟಿಕೊಂಡು ಹಿಂದಿರುಗುವವರಂತೆ ಬರುತ್ತಾರೆ, ಅವರನ್ನು ತಿದ್ದು ಎನ್ನುವರು. ಹೊರಗೆ ಮೃಗಗಳು ಕಾದಿರುವಾಗ ಒಳಗೆ ಪಕ್ಷಗಳ ಕಲಹ! ಸಂಕಟವು ಸಭೆಯನ್ನು ತಾನಾಗಿ ಒಂದುಗೂಡಿಸುವುದೆಂದು ನಂಬುವವರಿಗೆ ಈ ಪುಟವು ಒಳ್ಳೆಯ ಔಷಧ.

ಇನ್ನು ಸಂಪಾದಕ. ಅವನಿಲ್ಲದಿದ್ದರೆ ಈ ಬರಹವು ಉಳಿಯುತ್ತಿರಲಿಲ್ಲ. ಆ ಋಣವನ್ನು ಮರೆಯಲಾಗದು. ಕೆಲವೆಡೆ ಅವನ ನಿರೂಪಣೆಯೂ ಎತ್ತರಕ್ಕೆ ಏರಿದೆ. ಎಂಟು ತಿಂಗಳ ಬಸುರಿಯಾದ ಫೆಲಿಸಿತಾ ಕಾನೂನಿನಂತೆ ಹೆರಿಗೆಯಾಗುವ ತನಕ ಮರಣದಂಡನೆಗೆ ಒಳಗಾಗುವಂತಿಲ್ಲ. ತನ್ನವರಿಂದ ಅಗಲಬೇಕಾದೀತೆಂದು ಆಕೆಗೆ ದುಃಖ. ಆಟಕ್ಕೆ ಮುಂಚೆಯೇ ಹೆರಿಗೆಯ ನೋವು ಬರುವುದು. ನರಳುವವಳನ್ನು ಕಾವಲಿನವನೊಬ್ಬನು, ಈಗಲೇ ಹೀಗಾದರೆ ಮೃಗಗಳೆದುರಿಗೆ ಏನು ಮಾಡುವೆಯೆಂದು ಮೂದಲಿಸುವನು. ಈಗಿನ ನೋವು ತನ್ನದು, ಆಗ ತನ್ನೊಳಗೆ ಇನ್ನೊಬ್ಬನಿದ್ದು ತನಗಾಗಿ ನೋವುಣ್ಣುವನೆಂದು ಆ ಗುಲಾಮಳ ಉತ್ತರ. ಬಸುರಿಯ ಬಾಯಲ್ಲಿ ‘ಒಳಗಿರುವ ಇನ್ನೊಬ್ಬನು’ ಎಂಬ ಮಾತಿಗೆ ಬರುವ ತೂಕ ಯಾವ ಧರ್ಮಶಾಸ್ತ್ರಜ್ಞನ ಬಾಯಲ್ಲಿಯೂ ಬಾರದು. ರಂಗದ ಬಾಗಿಲಲ್ಲಿ ಅವರಿಗೆ ಅನ್ಯದೇವತೆಗಳ ಅರ್ಚಕವೇಷ ತೊಡಿಸಲು ಬಂದಾಗ, ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಪ್ರಾಣ ಕೊಡಲು ಬಂದಿರುವೆವೆಂದು ಪರ್ಪೆತುವಾ ವಾದಿಸಿ ಗೆಲ್ಲುವುದೂ ಚೆನ್ನಾಗಿದೆ.

ಆದರೆ ಅವನಿಗೆ ಸುಮ್ಮನಿರಲು ಬಾರದು. ಇಬ್ಬರು ಹೆಂಗಸರನ್ನೂ ಬೆತ್ತಲೆಯಾಗಿ ಬಲೆಯಲ್ಲಿ ಸುತ್ತಿ ಮುಂದೆ ತಂದಾಗ, ಒಬ್ಬಳು ಎಳೆಯ ಹುಡುಗಿ, ಇನ್ನೊಬ್ಬಳು ಹಾಲು ತೊಟ್ಟಿಕ್ಕುವ ಬಾಣಂತಿ ಎಂಬುದನ್ನು ನೋಡಿ ರಕ್ತಕ್ಕಾಗಿ ನೆರೆದ ಜನವೇ ಬೆಚ್ಚಿತು. ಅವರನ್ನು ಹಿಂದಕ್ಕೆ ಕರೆದು ಬಟ್ಟೆ ತೊಡಿಸಿದರು. ಈ ಸಂಗತಿಯಷ್ಟೇ ಸಾಕಾಗಿತ್ತು. ಅವನಾದರೋ ಫೆಲಿಸಿತಾ ಸೂಲಗಿತ್ತಿಯಿಂದ ಕತ್ತಿಯವನ ಬಳಿಗೆ, ರಕ್ತದಿಂದ ರಕ್ತಕ್ಕೆ ಬಂದಳೆಂದು ಮೊದಲೇ ಚಮತ್ಕಾರ ಹೂಡಿದ್ದಾನೆ. ಹಾಲು ಪರ್ಪೆತುವಾಳ ಬರಹದಲ್ಲಿ ಹಾಲಾಗಿಯೇ ಇದ್ದು ಅರ್ಥ ಪಡೆದಿತ್ತು. ಇವನ ಕೈಯಲ್ಲಿ ಹೆರಿಗೆಯ ರಕ್ತವೂ ಉಪನ್ಯಾಸದ ಸಾಮಗ್ರಿ. ಹುಚ್ಚುಹಸುವು ಎತ್ತಿ ಒಗೆದಾಗ ಪರ್ಪೆತುವಾ ನೋವಿಗಿಂತ ಮಾನವನ್ನು ನೆನೆದು ಹರಿದ ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡಳಂತೆ. ಯೂರಿಪಿಡೀಸನ ‘ಹೆಕುಬಾ’ ನಾಟಕದ ಪೊಲಿಕ್ಸೆನಾಳನ್ನು ಬಲ್ಲವರಿಗೆ ಈ ಭಂಗಿ ಎಲ್ಲಿಂದ ಬಂತೆಂದು ತಿಳಿಯುವುದು ಕಷ್ಟವಲ್ಲ. ಅನನುಭವಿಯಾದ ಕತ್ತಿಯವನ ನಡುಗುವ ಕೈಯನ್ನು ಹಿಡಿದು ಆಕೆ ತಾನೇ ಕೊರಳಿಗೆ ತಂದಳೆಂಬುದು ಮರೆಯಲಾಗದ ಚಿತ್ರ. ಅಂಥವಳು ಇಚ್ಛಿಸದಿದ್ದರೆ ಸಾಯುತ್ತಿರಲಿಲ್ಲವೇನೋ ಎಂದು ಸೇರಿಸಿದ ಮಾತು ಆ ಚಿತ್ರಕ್ಕೆ ಬಳಿದ ಬಣ್ಣ.

ಬಣ್ಣ ಬಳಿಯುವ ಕೆಲಸ ಅವನಲ್ಲಿಗೆ ನಿಲ್ಲಲಿಲ್ಲ. ಅನಂತರದವರು ಈ ಕಥೆಯನ್ನು ಸಂಕ್ಷೇಪಿಸಿ ಬರೆದರು. ಮೂಲಕ್ಕಿಂತ ಹೆಚ್ಚು ಹಸ್ತಪ್ರತಿಗಳಲ್ಲಿ ಉಳಿದುಬಂದಿರುವುದು ಆ ಸಂಕ್ಷೇಪಗಳೇ. ಅಲ್ಲಿ ಪರ್ಪೆತುವಾಳ ಸ್ವಂತ ದನಿ ಇಲ್ಲ. ಮೂಲದಲ್ಲಿ ಎಲ್ಲಿಯೂ ಕಾಣದ ಗಂಡನು ತಂದೆತಾಯಿಗಳ ಜೊತೆಗೆ ಬಂದು ಬೇಡುತ್ತಾನೆ. ಆಕೆ ಮಗುವನ್ನು ದೂರ ತಳ್ಳಿ, ನಿಮ್ಮ ಗುರುತೇ ತನಗಿಲ್ಲವೆನ್ನುತ್ತಾಳೆ. ಮಗುವಿನಿಂದ ಸೆರೆಯೇ ಅರಮನೆಯಾಯಿತೆಂದು ಬರೆದವಳಿಗೆ ಈ ಗತಿ! ಭಕ್ತಿಯನ್ನು ಹೆಚ್ಚಿಸಲೆಂದೇ ಹೀಗೆ ಮಾಡಿದರು; ಮಮತೆ ಉಳಿದಿದ್ದರೆ ವೈರಾಗ್ಯಕ್ಕೆ ಕುಂದೆಂದು ಭಾವಿಸಿರಬೇಕು. ಅಕ್ಕಮಹಾದೇವಿಯ ವಚನಗಳನ್ನು ಓದಿ ಅನಂತರ ಹರಿಹರನ ರಗಳೆಯಲ್ಲಿ ಆಕೆಯ ಕಥೆಯನ್ನು ಓದಿದ ಕನ್ನಡಿಗರಿಗೆ, ತಾನು ಹೇಳಿಕೊಂಡ ಬಾಳಿಗೂ ಇನ್ನೊಬ್ಬರು ಹಾಡಿದ ಬಾಳಿಗೂ ಇರುವ ದೂರ ತಿಳಿಯದುದಲ್ಲ. ಆದರೆ ಹರಿಹರನು ಮಹಾಕವಿ, ಈ ಸಂಕ್ಷೇಪಕಾರರು ಬರಿಯ ಕತ್ತರಿಯವರು.

ಸಭೆಯು ಮಾತ್ರ ಈ ಹೆಸರುಗಳನ್ನು ಬಿಡಲಿಲ್ಲ. ರೋಮಿನಲ್ಲಿ 354ರ ಪಂಚಾಂಗದಲ್ಲಿಯೇ ಆಫ್ರಿಕದ ಈ ಇಬ್ಬರು ಹೆಂಗಸರ ದಿನ ನಮೂದಾಗಿದೆ. ಅಗಸ್ಟೀನನ ಕಾಲಕ್ಕೆ ಅವರ ಹಬ್ಬದಂದು ಪುಸ್ತಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. 1907ರಲ್ಲಿ ದೆಲಾತ್ರ್ ಎಂಬ ಪಾದ್ರಿಯು ಕಾರ್ಥೇಜಿನ ಪುರಾತನ ದೇವಾಲಯವೊಂದರ ನೆಲವನ್ನಗೆದಾಗ ಚೂರುಚೂರಾದ ಒಂದು ಶಾಸನ ಸಿಕ್ಕಿತು. ಜೋಡಿಸಿ ನೋಡಿದರೆ ಸಾತುರಸನಿಂದ ಪರ್ಪೆತುವಾಳವರೆಗೆ ಎಲ್ಲರ ಹೆಸರುಗಳೂ ಅದರಲ್ಲಿದ್ದುವು. ಮಕ್ಕಳ ವಿಷಯದಲ್ಲಿ ಗ್ರಂಥವು ಹೇಳುವುದು ಸ್ವಲ್ಪವೇ. ಪರ್ಪೆತುವಾಳ ಮಗನನ್ನು ಅಜ್ಜನು ಕೊಡಲೊಲ್ಲದೆ ತನ್ನಲ್ಲಿಯೇ ಇಟ್ಟುಕೊಂಡನು. ಫೆಲಿಸಿತಾ ಸೆರೆಯಲ್ಲಿ ಹೆತ್ತ ಹೆಣ್ಣುಮಗುವನ್ನು ಸಭೆಯ ಒಬ್ಬ ಸಹೋದರಿ ತನ್ನ ಮಗಳಂತೆ ಸಾಕಿದಳು.